ಡಿಸ್ನಿಲ್ಯಾಂಡ್ ಒಂದೇ ವರ್ಷದಲ್ಲಿ ಎದ್ದು ನಿಂತದ್ದು ಹೇಗೆ? ಕಟ್ಟಿದವರ ಕಡೆಯಿಂದ ಮಾತಾಡೋಣ ಬನ್ನಿ

ಸಂಜೆಓದು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನಾನು ಒಂದೇ ವಿಷಯದ ಬೆನ್ನು ಹತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನ ಮೊದಲ ಡಿಸ್ನಿಲ್ಯಾಂಡ್ ಅನ್ನು ಕಟ್ಟಿದ ಕತೆ. 1954ರ ಜುಲೈ ತಿಂಗಳಲ್ಲಿ ಅಲ್ಲಿ ಕಿತ್ತಳೆ ತೋಟಗಳಿದ್ದವು. 1955ರ ಜುಲೈ 17ಕ್ಕೆ ಅದೇ ನೆಲದ ಮೇಲೆ ಕೋಟೆ ಇತ್ತು, ನದಿ ಇತ್ತು, ನದಿಯಲ್ಲಿ ಹಡಗು ಇತ್ತು, ಸುತ್ತ ಉಗಿ ರೈಲು ಓಡುತ್ತಿತ್ತು. ಬರೀ ಒಂದು ವರ್ಷ!

ಈ ಕತೆಯನ್ನು ಸಾಮಾನ್ಯವಾಗಿ ಬೆಂಚಿನಿಂದ ಶುರು ಮಾಡುತ್ತಾರೆ. ವಾಲ್ಟ್ ಡಿಸ್ನಿ ತಮ್ಮ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮೆರಿ-ಗೋ-ರೌಂಡ್ ಮೇಲೆ ಸುತ್ತುವಾಗ ಇವರು ಬೆಂಚಿನ ಮೇಲೆ ಸುಮ್ನೆ ಕೂತಿರಬೇಕಿತ್ತು. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಯಾಕಿಲ್ಲ ಎಂಬ ಯೋಚನೆ ಅಲ್ಲೇ ಹುಟ್ಟಿತು. ಕತೆ ಚೆನ್ನಾಗಿದೆ. ಆದರೆ ಅಲ್ಲಿಂದ ನೇರ ಉದ್ಘಾಟನೆಗೆ ಜಿಗಿದುಬಿಡುತ್ತಾರೆ. ನಡುವೆ ಮಣ್ಣು ಅಗೆದವರು, ಮರ ನೆಟ್ಟವರು, ಸಾಲ ಹೊಂದಿಸಿದವರು ಯಾರೂ ಕಾಣುವುದಿಲ್ಲ. ನನಗೆ ಬೇಕಾದದ್ದು ಅವರ ಕತೆ.

ಎರಡು ಪ್ರಶ್ನೆ ಇಡುತ್ತೇನೆ. ಒಂದೇ ವರ್ಷದಲ್ಲಿ ಮುಗಿಸಬೇಕು ಅಂತ ಅಷ್ಟು ಹಟ ಯಾಕಿತ್ತು? ಇನ್ನೊಂದು, ಪಾರ್ಕಿಗಿಂತ ಮುಂಚೆ ಆ ತೋಟಗಳಲ್ಲಿದ್ದ ಯಾವುದಾದರೂ ಮರ ಈಗಲೂ ಅಲ್ಲಿದೆಯಾ?

ಲೆಕ್ಕದಪುಸ್ತಕ:

ಮೊದಲ ಪ್ರಶ್ನೆಗೆ ಒಂದೇ ಪದದ ಉತ್ತರ: ದುಡ್ಡು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ವಾಲ್ಟ್ ಮೊದಲು ಯೋಚಿಸಿದ್ದು ಬರ್ಬ್ಯಾಂಕ್‌ನಲ್ಲಿ ಸ್ಟುಡಿಯೋ ಪಕ್ಕದ ಚಿಕ್ಕ ಜಾಗದಲ್ಲಿ ಒಂದು ಪುಟ್ಟ ಪಾರ್ಕ್. ಬರ್ಬ್ಯಾಂಕ್ ನಗರಸಭೆ ಒಪ್ಪಲಿಲ್ಲ. ಅಷ್ಟರಲ್ಲಿ ಅವರ ಕಲ್ಪನೆಯೂ ಆ ಜಾಗವನ್ನು ಮೀರಿ ಬೆಳೆದಿತ್ತು. ಕಂಪನಿಯ ಹಣಕಾಸು ನೋಡುತ್ತಿದ್ದ ಅಣ್ಣ ರಾಯ್ ಡಿಸ್ನಿಗೆ ಈ ಯೋಜನೆ ಮೇಲೆ ಮೊದಮೊದಲು ನಂಬಿಕೆ ಇರಲಿಲ್ಲ. ಆಗ ವಾಲ್ಟ್ ತಮ್ಮ ಜೀವವಿಮೆ ಮೇಲೆ ಸಾಲ ತೆಗೆದರು. ಪಾಮ್ ಸ್ಪ್ರಿಂಗ್ಸ್‌ನ ಮನೆ ಮಾರಿದರು. 1952ರ ಡಿಸೆಂಬರ್‌ನಲ್ಲಿ ತಮ್ಮದೇ ಬೇರೆ ಸಂಸ್ಥೆ ಶುರು ಮಾಡಿದರು. ಅದಕ್ಕೆ ತಮ್ಮ ಪೂರ್ತಿ ಹೆಸರಾದ ವಾಲ್ಟರ್ ಎಲಿಯಾಸ್ ಡಿಸ್ನಿಯ ಮೂರು ಮೊದಲಕ್ಷರಗಳನ್ನೇ ಇಟ್ಟರು, ಡಬ್ಲ್ಯುಇಡಿ. ಪಾರ್ಕಿನ ವಿನ್ಯಾಸಗಾರರೆಲ್ಲ ಅದರಡಿ ಕೆಲಸ ಮಾಡಿದರು.

ಅಷ್ಟು ಸಣ್ಣ ದುಡ್ಡಿನಲ್ಲಿ ಪಾರ್ಕ್ ಆಗುತ್ತದೆಯೇ? ಬ್ಯಾಂಕುಗಳಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಆಗ ಟಿವಿ ಕಡೆ ಹೊರಳಿದರು. ಸ್ಟುಡಿಯೋದವರು ಪ್ರತಿ ವಾರ ಒಂದು ಕಾರ್ಯಕ್ರಮ ಮಾಡಿಕೊಡುತ್ತಾರೆ, ಬದಲಿಗೆ ವಾಹಿನಿ ಪಾರ್ಕಿಗೆ ಹಣ ಹಾಕಬೇಕು. ಎಬಿಸಿ ಒಪ್ಪಿತು. ಆಗಿನ ವಾಹಿನಿಗಳಲ್ಲಿ ಅದು ಹಿಂದೆ ಬಿದ್ದಿತ್ತು, ಅದಕ್ಕೂ ಒಂದು ದೊಡ್ಡ ಹೆಸರು ಬೇಕಿತ್ತು. 5 ಲಕ್ಷ ಡಾಲರ್ ನೇರವಾಗಿ ಹಾಕಿತು, 45 ಲಕ್ಷ ಡಾಲರ್‌ವರೆಗಿನ ಸಾಲಕ್ಕೆ ಜಾಮೀನು ನಿಂತಿತು. ಪ್ರತಿಯಾಗಿ ಮೂರನೇ ಒಂದಕ್ಕಿಂತ ತುಸು ಜಾಸ್ತಿ ಪಾಲು ಪಡೆಯಿತು. ಡಿಸ್ನಿ ಸ್ಟುಡಿಯೋಗೂ ಅಷ್ಟೇ ಪಾಲು. ಉಳಿದದ್ದು ವಾಲ್ಟ್ ಮತ್ತು ಪುಸ್ತಕ ಮುದ್ರಿಸುವ ವೆಸ್ಟರ್ನ್ ಕಂಪನಿಯದು.

1954ರ ಅಕ್ಟೋಬರ್ 27ರಂದು ಆ ಕಾರ್ಯಕ್ರಮ ಶುರುವಾಯಿತು. ಅದರ ಹೆಸರೇ ಡಿಸ್ನಿಲ್ಯಾಂಡ್. ಪಾರ್ಕಿನ ಕೆಲಸ ಎಲ್ಲಿಗೆ ಬಂತು ಅಂತ ಆಗಾಗ ಅದರಲ್ಲೇ ತೋರಿಸುತ್ತಿದ್ದರು. ಇಡೀ ಅಮೆರಿಕದ ಮಕ್ಕಳ ಮುಂದೆ ಮಾತು ಕೊಟ್ಟ ಮೇಲೆ ತಾರೀಖು ಮುಂದೂಡುವುದು ಹೇಗೆ? ಬೇಸಿಗೆ ರಜೆ ಕಳೆದರೆ ಒಂದು ವರ್ಷದ ಗಳಿಕೆಯೇ ಹೋಗುತ್ತಿತ್ತು. ಸಾಲದ ಬಡ್ಡಿ ಮಾತ್ರ ನಿಲ್ಲುತ್ತಿರಲಿಲ್ಲ.

ಕೊನೆಗೆ ಆದ ಖರ್ಚು 1.7 ಕೋಟಿ ಡಾಲರ್.

ಬಣ್ಣದಡಬ್ಬ:

ಆ ದುಡ್ಡು ತಂದ ಚಿತ್ರದ ಬಗ್ಗೆ ಹೇಳಲೇಬೇಕು.

1953ರ ಸೆಪ್ಟೆಂಬರ್ 26, ಶನಿವಾರ. ರಾಯ್ ಮುಂದಿನ ವಾರ ನ್ಯೂಯಾರ್ಕಿಗೆ ಹೋಗಿ ಹಣ ಹಾಕುವವರನ್ನು ಕಾಣಬೇಕು. ಕೈಯಲ್ಲಿ ಮಾತು ಬಿಟ್ಟರೆ ತೋರಿಸಲು ಏನೂ ಇಲ್ಲ. ವಾಲ್ಟ್ ಹಳೆಯ ಕಲಾವಿದ ಹರ್ಬ್ ರೈಮನ್ ಅವರಿಗೆ ಫೋನ್ ಮಾಡಿ ಸ್ಟುಡಿಯೋಗೆ ಕರೆಸಿಕೊಂಡರು. ಪಾರ್ಕಿನ ಚಿತ್ರ ಬೇಕು, ಸೋಮವಾರ ಬೆಳಿಗ್ಗೆ ಬೇಕು ಅಂದರು. ಇಷ್ಟು ಕಡಿಮೆ ಸಮಯದಲ್ಲಿ ಬರೆದರೆ ಮಾನ ಹೋಗುತ್ತದೆ, ನನ್ನಿಂದ ಆಗದು ಅಂತ ರೈಮನ್ ಹೇಳಿಬಿಟ್ಟರು. ನಾನೂ ಪಕ್ಕದಲ್ಲೇ ಕೂತಿರುತ್ತೇನೆ ಅಂತ ವಾಲ್ಟ್ ಮಾತು ಕೊಟ್ಟ ಮೇಲೆ ಒಪ್ಪಿದರು. ಎರಡು ದಿನ ಒಬ್ಬರು ಹೇಳುತ್ತಾ ಹೋದರು, ಇನ್ನೊಬ್ಬರು ಬರೆಯುತ್ತಾ ಹೋದರು. ಆಕಾಶದಿಂದ ನೋಡಿದಂತೆ ಇಡೀ ಪಾರ್ಕ್. ತ್ರಿಕೋನದಂಥ ಆವರಣ, ಸುತ್ತ ರೈಲು, ಒಂದೇ ಬಾಗಿಲು, ನಡುವೆ ಕೋಟೆ. ಇವತ್ತಿನ ಪಾರ್ಕನ್ನು ನೋಡಿದವರಿಗೆ ಆ ಚಿತ್ರ ತಕ್ಷಣ ಗುರುತು ಸಿಗುತ್ತದೆ.

ವಿನ್ಯಾಸಗಾರರಲ್ಲಿ ಹೆಚ್ಚಿನವರು ಸಿನಿಮಾ ಸೆಟ್ ಮಾಡುತ್ತಿದ್ದವರು. ಮಾರ್ವಿನ್ ಡೇವಿಸ್, ಬಿಲ್ ಮಾರ್ಟಿನ್, ಹಾರ್ಪರ್ ಗಾಫ್, ಕೆನ್ ಆಂಡರ್ಸನ್. ವಾಲ್ಟ್ ಅವರ ಗೆಳೆಯ, ವಾಸ್ತುಶಿಲ್ಪಿ ವೆಲ್ಟನ್ ಬೆಕೆಟ್ ಅವರೇ ಸಲಹೆ ಕೊಟ್ಟಿದ್ದರು: ಇದನ್ನು ನನ್ನಂಥವರಿಂದ ಮಾಡಿಸಬೇಡಿ, ನಿಮ್ಮ ಜನರಿಂದಲೇ ಮಾಡಿಸಿ ಅಂತ. ಕೈಗೆ ಬರುತ್ತಿದ್ದ ದೊಡ್ಡ ಕೆಲಸವನ್ನು ಹಾಗೆ ಬಿಟ್ಟುಕೊಡುವುದು ಸುಲಭವಲ್ಲ. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ ಇದೆ.

ಸೆಟ್ ಮಾಡುವವರ ಕೈ ಎಲ್ಲೆಲ್ಲೂ ಕಾಣುತ್ತದೆ. ಮುಖ್ಯ ಬೀದಿಯ ಅಂಗಡಿಗಳ ಕೆಳಮಹಡಿ ಹೆಚ್ಚುಕಡಿಮೆ ನಿಜವಾದ ಅಳತೆ. ಮೇಲೆ ಹೋದಂತೆ ಮಹಡಿಗಳು ಕುಗ್ಗುತ್ತವೆ. ಕಣ್ಣಿಗೆ ಕಟ್ಟಡ ಎತ್ತರ ಅನ್ನಿಸುತ್ತದೆ, ಮನಸ್ಸಿಗೆ ಆಪ್ತ ಅನ್ನಿಸುತ್ತದೆ. ಕೋಟೆ ಬರೀ 77 ಅಡಿ. ಮೇಲಕ್ಕೆ ಹೋದಂತೆ ಅದರ ಕಲ್ಲುಗಳನ್ನು ಸಣ್ಣದಾಗಿಸಿ ಎತ್ತರದ ಭ್ರಮೆ ಹುಟ್ಟಿಸಿದ್ದಾರೆ. ಅದರ ಮಾದರಿ ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ತೀರಾ ಹತ್ತಿರ ಇದೆ ಅಂತ ರೈಮನ್‌ಗೆ ಇರಿಸುಮುರಿಸು. ಒಂದು ದಿನ ಅವರು ಮೇಲಿನ ಅರ್ಧವನ್ನು ಎತ್ತಿ ಹಿಂದುಮುಂದಾಗಿ ತಿರುಗಿಸಿ ಇಟ್ಟರು. ಅದೇ ಹೊತ್ತಿಗೆ ವಾಲ್ಟ್ ಒಳಗೆ ಬಂದರು, ನೋಡಿದರು, ಇದೇ ಚೆನ್ನಾಗಿದೆ ಅಂದರು. ಹಾಗೆಯೇ ಕಟ್ಟಿದರು.

ಸಂಜೆಓದು:

ಬಣ್ಣದಡಬ್ಬ ಅವರೇ, ಇದು ಅದ್ಭುತ. ಒಂದು ಸೇರಿಸುತ್ತೇನೆ. ಚಿತ್ರ ಬರೆಸಿದ ಕೆಲವೇ ವಾರಗಳಲ್ಲಿ, 1953ರ ನವೆಂಬರ್‌ನಲ್ಲಿ, ವಾಲ್ಟ್ ಕಡೆಯವರು ಷಿಕಾಗೋದಲ್ಲಿ ಸೇರಿದ್ದ ಅಮ್ಯೂಸ್‌ಮೆಂಟ್ ಪಾರ್ಕ್ ಮಾಲೀಕರಿಗೆ ಯೋಜನೆ ತೋರಿಸಿದರು. ಆ ವ್ಯಾಪಾರದಲ್ಲಿ ಪಳಗಿದ ಜನ ಅವರು. ಒಂದೇ ಬಾಗಿಲು ಇಟ್ಟರೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ ಅಂದರು. ಕೋಟೆ, ಗಿಡಮರ, ಬೀದಿ, ಇವುಗಳಿಂದ ಟಿಕೆಟ್ ದುಡ್ಡು ಹುಟ್ಟುವುದಿಲ್ಲ ಅಂದರು. ಸಿದ್ಧ ಆಟಗಳನ್ನು ಕೊಳ್ಳುವುದು ಬಿಟ್ಟು ಎಲ್ಲ ಹೊಸದಾಗಿ ಮಾಡಿಸುವುದು ದಂಡ ಅಂದರು. ಮುಳುಗುತ್ತೀರಿ ಅಂತಲೇ ಅವರ ತೀರ್ಪು.

ಅವರು ಬೇಡ ಅಂದ ಪ್ರತಿಯೊಂದೂ ಈಗ ಜನ ನೆನಪಿಟ್ಟುಕೊಂಡಿರುವ ಸಂಗತಿ, ಅಲ್ವಾ?

ಮಣ್ಣುನೀರು:

ನಾನು ನೀರು ನಿಲ್ಲಿಸುವ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದವನು. ಹಾಗಾಗಿ ಈ ಕತೆಯಲ್ಲಿ ನನಗೆ ಇಷ್ಟವಾದ ಮನುಷ್ಯ ಜೋ ಫೌಲರ್. ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದ ರಿಯರ್ ಅಡ್ಮಿರಲ್. ಎರಡನೇ ಮಹಾಯುದ್ಧದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೌಕಾ ಹಡಗುಕಟ್ಟೆ ನಡೆಸಿದವರು. ಹಡಗು ಕಟ್ಟುವವರನ್ನು ಪಾರ್ಕ್ ಕಟ್ಟಲು ಯಾಕೆ ಕರೆದರು ಅಂತ ಕೇಳಬಹುದು. ಗಡುವಿನೊಳಗೆ ಸಾವಿರ ಕೆಲಸಗಳನ್ನು ಒಟ್ಟಿಗೆ ನಡೆಸಿ ಗೊತ್ತಿದ್ದವರು ಅವರು.

ಮೊದಲು ಜಾಗದ ವಿಷಯ. 1953ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಜಾಗ ಹುಡುಕುವ ಕೆಲಸ ವಹಿಸಿದರು. ಹ್ಯಾರಿಸನ್ ಪ್ರೈಸ್ ಎಂಬ ಅರ್ಥಶಾಸ್ತ್ರ ಬಲ್ಲವರು ಜನಸಂಖ್ಯೆ ಯಾವ ಕಡೆ ಬೆಳೆಯುತ್ತಿದೆ, ಹವೆ ಹೇಗಿದೆ, ಹೆದ್ದಾರಿ ಎಲ್ಲಿ ಬರುತ್ತಿದೆ ಎಲ್ಲ ಲೆಕ್ಕ ಹಾಕಿದರು. ಬೊಟ್ಟು ಬಿದ್ದದ್ದು ಅನಾಹೈಮ್ ಮೇಲೆ. ಸಾಂಟಾ ಆನಾ ಹೆದ್ದಾರಿ ಆ ಕಡೆಗೇ ಬರುತ್ತಿತ್ತು. ಹಲವು ಕುಟುಂಬಗಳಿಂದ ತುಂಡು ತುಂಡಾಗಿ ಕೊಂಡು 160 ಎಕರೆ ಒಟ್ಟು ಮಾಡಿದರು.

ನೆಲ ಸಮತಟ್ಟು. ಬೆಟ್ಟ ಇಲ್ಲ, ಹೊಳೆ ಇಲ್ಲ. ಎಲ್ಲ ಮನುಷ್ಯರೇ ಮಾಡಬೇಕು. ನದಿಗೆ ಮಣ್ಣು ತೋಡಿದರು, ತೋಡಿದ ಮಣ್ಣನ್ನು ಸುತ್ತಲೂ ಏರಿಯಾಗಿ ಹಾಕಿದರು. ಆ ಏರಿಯ ಮೇಲೆ ರೈಲು. ಒಳಗೆ ನಿಂತವರಿಗೆ ಹೊರಗಿನ ಕರೆಂಟ್ ಕಂಬ, ರಸ್ತೆ, ಕಾರು ಕಾಣಬಾರದು. ಏರಿ ಅಂದರೆ ನೀರನ್ನು ಒಳಗೆ ಹಿಡಿಯುವುದಕ್ಕೆ ಅಂತ ಅಂದುಕೊಂಡಿದ್ದ ನನಗೆ, ಹೊರಗಿನ ಲೋಕವನ್ನು ಆಚೆ ತಡೆಯಲು ಏರಿ ಕಟ್ಟಿದ್ದನ್ನು ಓದಿ ತುಂಬಾ ಖುಷಿಯಾಯಿತು. ಇಡೀ ಪಾರ್ಕಿನಲ್ಲಿ ಅತಿ ಮುಖ್ಯವಾದದ್ದು ಕೋಟೆಯಲ್ಲ, ಈ ಏರಿ ಅಂತಲೇ ನನ್ನ ಅಭಿಪ್ರಾಯ.

ಈಗ ನದಿ. ತೋಡಿ ಮುಗಿಸಿ ನೀರು ಬಿಟ್ಟರು. ನೀರು ನಿಲ್ಲಲೇ ಇಲ್ಲ! ಕೆಳಗೆ ಮರಳು ಮಣ್ಣು, ಬಿಟ್ಟಷ್ಟೂ ಹೀರಿಕೊಂಡಿತು. ನೀರು ನಿಲ್ಲದ ತಳದ ಮುಂದೆ ನಿಂತ ಎಂಜಿನಿಯರ್‌ನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕೊನೆಗೆ ಜೇಡಿಮಣ್ಣು ತಂದು ತಳಕ್ಕೆ ಹಾಸಿ ಗಟ್ಟಿ ಮಾಡಿದರು. ಆಮೇಲೆ ನಿಂತಿತು. ಎಷ್ಟು ಹಳೆಯ ಉಪಾಯ ನೋಡಿ.

ಇನ್ನೊಂದು ಜಗಳ ಇದೆ. ಮಾರ್ಕ್ ಟ್ವೈನ್ ಹಡಗು ನಿಜವಾದ ಉಗಿ ಹಡಗು, 105 ಅಡಿ ಉದ್ದ. ಒಡಲನ್ನು ಹಡಗುಕಟ್ಟೆಯಲ್ಲಿ, ಮೇಲಿನ ಮಹಡಿಗಳನ್ನು ಬರ್ಬ್ಯಾಂಕ್ ಸ್ಟುಡಿಯೋದಲ್ಲಿ ಮಾಡಿ ಪಾರ್ಕಿನಲ್ಲಿ ಜೋಡಿಸಿದರು. ಹಡಗು ಅಂದ ಮೇಲೆ ರಿಪೇರಿಗೆ ಡ್ರೈಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗು ನಿಲ್ಲಿಸುವ ಕಟ್ಟೆ, ಬೇಕೇ ಬೇಕು ಅಂತ ಫೌಲರ್ ಪಟ್ಟು ಹಿಡಿದು ದೊಡ್ಡ ಗುಂಡಿ ತೋಡಿಸಿದರು. ದುಡ್ಡೆಲ್ಲ ಇದಕ್ಕೇ ಹೋಗುತ್ತಿದೆ ಅಂತ ವಾಲ್ಟ್ ಗೊಣಗಿದರು, ಅದನ್ನು ಜೋ ತೋಡಿದ ಹಳ್ಳ ಅಂತಲೇ ಕರೆಯುತ್ತಿದ್ದರು. ಆಮೇಲೆ ಅದಕ್ಕೆ ಫೌಲರ್ಸ್ ಹಾರ್ಬರ್, ಅಂದರೆ ಫೌಲರ್ ಅವರ ಹಡಗುನಿಲ್ದಾಣ, ಅಂತ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು.

ಹಸಿರುಬೇರು:

ಮಣ್ಣುನೀರು ಸರ್, ನಿಮ್ಮ ಏರಿ ಬರೀ ಮಣ್ಣಾಗಿ ಉಳಿದಿದ್ದರೆ ಯಾರನ್ನೂ ಮರೆಮಾಡುತ್ತಿರಲಿಲ್ಲ! ಅದರ ಮೇಲೆ ಮರ ನಿಲ್ಲಿಸಿದವರು ಬಿಲ್ ಎವಾನ್ಸ್ ಮತ್ತು ಅವರ ಸಹೋದರ ಜ್ಯಾಕ್. ವಾಲ್ಟ್ ಅವರ ಮನೆಯ ತೋಟ ಮಾಡಿದ್ದವರು ಅವರೇ. ಮನೆ ತೋಟ ಮಾಡಿದವರ ಕೈಗೆ ನೇರ ಪಾರ್ಕ್ ಬಂತು.

ಗಿಡ ಬೆಳೆಸುವವಳಾಗಿ ನನ್ನನ್ನು ಕಾಡಿದ ಪ್ರಶ್ನೆ ಇದು. ಒಂದು ವರ್ಷದಲ್ಲಿ ಕಟ್ಟಡ ಏಳಿಸಬಹುದು, ಮರವನ್ನು ಏಳಿಸುವುದು ಹೇಗೆ? ಅವರು ಬೆಳೆದ ಮರಗಳನ್ನೇ ಹುಡುಕಿಕೊಂಡು ಹೋದರು. ಆ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಉದ್ದಗಲಕ್ಕೂ ಹೆದ್ದಾರಿ ಬೀಳುತ್ತಿತ್ತು. ದಾರಿಗೆ ಅಡ್ಡ ಬಂದ ಮನೆ, ತೋಟ ಎಲ್ಲ ಹೋಗುತ್ತಿದ್ದವು. ಬುಲ್ಡೋಜರ್ ಬರುವ ಮುಂಚೆ ಎವಾನ್ಸ್ ಅಲ್ಲಿಗೆ ಹೋಗಿ ಕಡಿಮೆ ದುಡ್ಡಿಗೆ ಮರಗಳನ್ನು ಕೊಂಡು, ಬೇರುಮುದ್ದೆ ಸಮೇತ ಎತ್ತಿಸಿ ಲಾರಿಯಲ್ಲಿ ಅನಾಹೈಮ್‌ಗೆ ಸಾಗಿಸಿದರು.

ಇನ್ನೊಂದು ನೋಡಿ. ಪಾರ್ಕಿನ ಕುದುರೆ ಮೆರಿ-ಗೋ-ರೌಂಡ್ ಬಂದದ್ದು ಕೆನಡಾದ ಟೊರಾಂಟೋದ ಸನ್ನಿಸೈಡ್ ಪಾರ್ಕಿನಿಂದ. ಆ ಪಾರ್ಕನ್ನು 1955ರಲ್ಲಿ ಕೆಡವಿದರು, ಅದೂ ಹೆದ್ದಾರಿಗೆ ಜಾಗ ಬೇಕು ಅಂತ. ಜಾಗ ಆರಿಸಿದ್ದು ಹೆದ್ದಾರಿ ನೋಡಿ, ಮರ ಸಿಕ್ಕಿದ್ದು ಹೆದ್ದಾರಿಯಿಂದ, ಕುದುರೆಗಳು ಹೊರಟು ಬಂದ ಮನೆಯೂ ಹೆದ್ದಾರಿಗೇ ಹೋಯಿತು. ಆ ಕಾಲದ ಕಾಂಕ್ರೀಟ್ ಒಂದು ಕಡೆ ಕಿತ್ತದ್ದನ್ನು ಈ ಪಾರ್ಕ್ ಇನ್ನೊಂದು ಕಡೆ ನೆಟ್ಟುಕೊಂಡಿತು ಅಂತ ನನಗೆ ಅನ್ನಿಸುತ್ತದೆ.

ಕಾಡಿನ ದೋಣಿಯಾನದ ದಡದಲ್ಲಿ ವಿಚಿತ್ರ ಕೊಂಬೆಗಳು ಬೇಕಿದ್ದವು. ಕಡಿದು ಬಿದ್ದಿದ್ದ ಕಿತ್ತಳೆ ಮರಗಳನ್ನು ತಲೆಕೆಳಗಾಗಿ ನಿಲ್ಲಿಸಿದರು, ಬೇರುಗಳು ಮೇಲೆ. ನೋಡಿದವರಿಗೆ ಯಾವುದೋ ದೂರದೇಶದ ಮರ! ದುಡ್ಡು ಪೂರ್ತಿ ಮುಗಿದಾಗ ಖಾಲಿ ದಿಬ್ಬಗಳಲ್ಲಿ ಕಳೆ ಬೆಳೆದಿತ್ತು. ಕೀಳಲು ಹೊತ್ತಿಲ್ಲ. ಆ ಕಳೆಗಳಿಗೆ ಲ್ಯಾಟಿನ್ ಹೆಸರಿನ ಫಲಕ ಹಾಕಿಬಿಡಿ ಅಂತ ವಾಲ್ಟ್ ಹೇಳಿದರಂತೆ. ಎಲ್ಲರೂ ನಗುತ್ತಾ ಹೇಳುವ ಕತೆ ಇದು. ನನಗೆ ಮಾತ್ರ ಕಳೆಗೂ ಒಂದು ಹೆಸರು ಇದೆ ಅಂತ ಒಪ್ಪಿಕೊಂಡದ್ದು ಖುಷಿ ಕೊಟ್ಟಿತು.

ಮಣ್ಣುನೀರು:

ಹಸಿರುಬೇರು ಮೇಡಂ, ಬಣ್ಣದ ಪಟ್ಟಿಯ ಕತೆ ಬಿಟ್ಟಿರಿ. ಉಳಿಸಬೇಕಾದ ಮರಕ್ಕೆ ಒಂದು ಬಣ್ಣ, ಕಡಿಯಬೇಕಾದ ಮರಕ್ಕೆ ಇನ್ನೊಂದು ಬಣ್ಣ ಕಟ್ಟಿದ್ದರಂತೆ. ಬುಲ್ಡೋಜರ್ ಚಾಲಕನಿಗೆ ಬಣ್ಣಗುರುಡು, ಎಲ್ಲ ಉರುಳಿಸಿಬಿಟ್ಟ ಅಂತ ಹೇಳುತ್ತಾರೆ.

ಹಸಿರುಬೇರು:

ಬೇಕಂತಲೇ ಬಿಟ್ಟೆ ಸರ್. ಆ ಕತೆಯಲ್ಲಿ ಚಾಲಕನಿಗೆ ಹೆಸರೇ ಇಲ್ಲ. ದೊಡ್ಡ ಕೆಲಸದಲ್ಲಿ ಏನಾದರೂ ಹಾಳಾದರೆ ಹೆಸರಿಲ್ಲದ ಒಬ್ಬ ಕೂಲಿಯವನ ತಲೆಗೆ ಕಟ್ಟುವುದು ಎಲ್ಲ ಕಾಲದಲ್ಲೂ ಸುಲಭ. ಸಂಜೆಓದು ಅವರು ಕೇಳಿದ್ದು ಕಟ್ಟಿದವರ ಕತೆ. ಅದರಲ್ಲಿ ಆ ಚಾಲಕನೂ ಬರುತ್ತಾನೆ, ಅಲ್ವಾ? ಅವನು ಆ ವರ್ಷ ದಿನಕ್ಕೆ ಎಷ್ಟು ತಾಸು ಯಂತ್ರದ ಮೇಲೆ ಕೂತಿದ್ದಿರಬಹುದು ಅಂತ ನಾನು ಯೋಚಿಸುತ್ತೇನೆ.

ಹಳಿಮೇಲೆ:

ರೈಲಿನ ಬಗ್ಗೆ ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ. ತಡೆಯಲಾಗಲಿಲ್ಲ, ಬಂದೆ.

ನನ್ನ ಲೆಕ್ಕದಲ್ಲಿ ಪಾರ್ಕ್ ಶುರುವಾದದ್ದು ಬೆಂಚಿನಿಂದಲ್ಲ, ರೈಲಿನಿಂದ. 1948ರಲ್ಲಿ ವಾಲ್ಟ್ ತಮ್ಮ ಅನಿಮೇಟರ್ ವಾರ್ಡ್ ಕಿಂಬಲ್ ಜೊತೆ ಷಿಕಾಗೋದ ರೈಲು ಮೇಳಕ್ಕೆ ಹೋದರು. ವಾಪಸು ಬರುವಾಗ ಹೆನ್ರಿ ಫೋರ್ಡ್ ಕಟ್ಟಿದ್ದ ಗ್ರೀನ್‌ಫೀಲ್ಡ್ ವಿಲೇಜ್ ನೋಡಿದರು. ಹಳೆಯ ಕಾಲದ ಊರನ್ನು ಹಾಗೇ ಎತ್ತಿ ಇಟ್ಟಂತಿದ್ದ ಜಾಗ ಅದು. ಅದೇ ವರ್ಷದ ಆಗಸ್ಟ್ 31ರಂದು ವಾಲ್ಟ್ ಬರೆದ ಒಂದು ಟಿಪ್ಪಣಿಯಲ್ಲಿ ಪಾರ್ಕಿನ ಮೊದಲ ಕಲ್ಪನೆ ಇದೆ. ಅದರಲ್ಲೂ ಒಂದು ರೈಲು ನಿಲ್ದಾಣ ಇದೆ!

ಆಮೇಲೆ ತಮ್ಮ ಮನೆಯ ಹಿತ್ತಲಲ್ಲೇ ಎಂಟನೇ ಒಂದು ಅಳತೆಯ ಉಗಿ ರೈಲು ಓಡಿಸಿದರು. ಸುಮಾರು ಅರ್ಧ ಮೈಲಿ ಹಳಿ. ಎಂಜಿನ್‌ಗೆ ಹೆಂಡತಿ ಲಿಲಿಯನ್ ಹೆಸರಿನಿಂದ ಲಿಲ್ಲಿ ಬೆಲ್ ಅಂತ ಕರೆದರು. ಅದನ್ನು ಮಾಡಿಸಿದವರು ಸ್ಟುಡಿಯೋ ವರ್ಕ್‌ಶಾಪಿನ ರೋಜರ್ ಬ್ರಾಗಿ. ಪಾರ್ಕಿನ ಮೊದಲ ಎರಡು ಎಂಜಿನ್‌ಗಳೂ ಅವರ ಕೈಕೆಳಗೇ ಆದವು. ಆಟಿಕೆ ಎಂಜಿನ್ ಅಲ್ಲ ಸ್ವಾಮಿ, ಬಾಯ್ಲರ್ ಕಾಯಿಸಿ ಓಡಿಸುವ ಎಂಜಿನ್. ಮೂರಡಿ ಅಗಲದ ಹಳಿ. ಸಾಂಟಾ ಫೆ ರೈಲ್ವೆಯ ಇಬ್ಬರು ಹಳೆಯ ಮುಖ್ಯಸ್ಥರ ಹೆಸರನ್ನು ಅವಕ್ಕೆ ಇಟ್ಟರು, ಸಿ. ಕೆ. ಹಾಲಿಡೇ ಮತ್ತು ಇ. ಪಿ. ರಿಪ್ಲೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ: ಆ ರೈಲು ಪಾರ್ಕ್ ಕಂಪನಿಯ ಆಸ್ತಿ ಆಗಿರಲಿಲ್ಲ. ವಾಲ್ಟ್ ಕುಟುಂಬದ ಸ್ವಂತ ಸಂಸ್ಥೆಯದು. 1980ರ ದಶಕದ ಆರಂಭದವರೆಗೂ ರೈಲು ಓಡಿಸುವವರಿಗೆ ಸಂಬಳ ಬರುತ್ತಿದ್ದದ್ದು ಅಲ್ಲಿಂದಲೇ.

ಬಣ್ಣದಡಬ್ಬ:

ಈಗ ಒಂದು ಒಪ್ಪದ ಮಾತು ಹೇಳುತ್ತೇನೆ. ಒಂದೇ ವರ್ಷದಲ್ಲಿ ಮುಗಿಸಿದರು ಅಂತ ನಾವೆಲ್ಲ ಹೊಗಳುತ್ತಿದ್ದೇವೆ. ಮುಗಿಸಲಿಲ್ಲ. ಮುಗಿಯದ ಪಾರ್ಕಿನ ಬಾಗಿಲು ತೆರೆದರು.

ನಾಳೆಯ ಲೋಕ ಅಂತ ಒಂದು ಭಾಗ ಇತ್ತಲ್ಲ, ಅದು ಅರ್ಧಂಬರ್ಧ. ಬಲೂನು, ಬಾವುಟ ಕಟ್ಟಿ ಮುಚ್ಚಿದರು. ಡಂಬೋ ಆನೆಗಳು ತೂಕ ಜಾಸ್ತಿಯಾಗಿ ಏಳಲಿಲ್ಲ, ಆ ಆಟ ಆಗಸ್ಟ್ 16ರವರೆಗೆ ತೆರೆಯಲಿಲ್ಲ. ಕೇಸಿ ಜೂನಿಯರ್ ಪುಟ್ಟ ರೈಲು ದಿಬ್ಬದಲ್ಲಿ ವಾಲುವ ಭಯ, ಅದನ್ನು ಸರಿ ಮಾಡಲು ಎರಡು ವಾರ ನಿಲ್ಲಿಸಿದರು. ಕಾಲುವೆ ದೋಣಿಯಲ್ಲಿ ಕೂತವರಿಗೆ ಕಾಣುತ್ತಿದ್ದದ್ದು ಬರೀ ಬೋಳು ಮಣ್ಣಿನ ದಡ. ಆಟೋಪಿಯಾದ ಪುಟ್ಟ ಕಾರುಗಳನ್ನು ಮಕ್ಕಳು ಒಂದಕ್ಕೊಂದು ಗುದ್ದಿಸಿದರು, ಕೆಲವೇ ದಿನಗಳಲ್ಲಿ ಬಹುಪಾಲು ಕೆಟ್ಟು ನಿಂತವು.

ಹಿಂದಿನ ರಾತ್ರಿ ವಾಲ್ಟ್ ಸ್ವತಃ ಮೂಗಿಗೆ ಮಾಸ್ಕ್ ಹಾಕಿಕೊಂಡು, ಕೆನ್ ಆಂಡರ್ಸನ್ ಜೊತೆ ಪ್ರದರ್ಶನಕ್ಕೆ ಇಟ್ಟಿದ್ದ ಸಮುದ್ರದ ದೈತ್ಯ ಪ್ರಾಣಿಯ ಬೊಂಬೆಯ ಹಿಂದಿನ ಪರದೆಗೆ ಬಣ್ಣ ಹೊಡೆಯುತ್ತಿದ್ದರು. ಓದುವಾಗ ಕಣ್ಣು ತುಂಬುತ್ತದೆ, ನಿಜ. ಆದರೆ ಮಾಲೀಕರೇ ಮಧ್ಯರಾತ್ರಿ ಬಣ್ಣ ಹೊಡೆಯುವ ಸ್ಥಿತಿ ಬಂದರೆ ಕೆಳಗಿನವರು ಎಷ್ಟು ರಾತ್ರಿ ನಿದ್ದೆ ಬಿಟ್ಟಿರಬೇಕು? ಇನ್ನು ಆರು ತಿಂಗಳು ಬೇಕಿತ್ತು ಅಂತಲೇ ನಾನು ಹೇಳುತ್ತೇನೆ.

ಲೆಕ್ಕದಪುಸ್ತಕ:

ಆರು ತಿಂಗಳು ತಡವಾಗಿದ್ದರೆ ಪಾರ್ಕೇ ಇರುತ್ತಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಖಜಾನೆ ಬರಿದಾಗಿತ್ತು. ತೆರೆದದ್ದರಿಂದ ಏನಾಯಿತು ನೋಡಿ. ಏಳೇ ವಾರದಲ್ಲಿ 10 ಲಕ್ಷ ಜನ ಬಂದರು. ಒಳಗೆ ಹೋಗಲು ದೊಡ್ಡವರಿಗೆ 1 ಡಾಲರ್, ಆಟಗಳಿಗೆ ಬೇರೆ ಟಿಕೆಟ್. ಆ ದುಡ್ಡಿನಿಂದಲೇ ಬೋಳು ದಡಗಳಿಗೆ ಹಸಿರು ಬಂತು, 1956ರಲ್ಲಿ ಆ ಕಾಲುವೆ ದೋಣಿಯ ದಾರಿಯಲ್ಲಿ ಪುಟಾಣಿ ಕತೆಯೂರುಗಳು ಎದ್ದವು. 1959ರಲ್ಲಿ ಮ್ಯಾಟರ್‌ಹಾರ್ನ್ ಬೆಟ್ಟ, ಮೊನೊರೈಲ್, ಜಲಾಂತರ್ಗಾಮಿ ಬಂದವು. 1960ರಲ್ಲಿ ಎಬಿಸಿಯ ಪಾಲನ್ನು 75 ಲಕ್ಷ ಡಾಲರ್ ಕೊಟ್ಟು ಬಿಡಿಸಿಕೊಂಡರು.

ಮಣ್ಣುನೀರು:

ಇಬ್ಬರ ಮಾತೂ ಕೇಳಿದೆ. ನಾನು ಬಣ್ಣದಡಬ್ಬ ಅವರ ಪಕ್ಷ. ಅವಸರದ ಬೆಲೆ ತೆತ್ತವರು ನೆಲದ ಮೇಲೆ ಇದ್ದವರು.

ಕೊನೆಯ ವಾರಗಳಲ್ಲಿ ಕೊಳಾಯಿ ಕೆಲಸದವರ ಮುಷ್ಕರ. ಡಾಂಬರು ಘಟಕದವರ ಮುಷ್ಕರವೂ ನಡೆದು, ಸ್ಯಾನ್ ಡಿಯಾಗೋದಿಂದ ಡಾಂಬರು ತರಿಸಬೇಕಾಯಿತು. ಕೊಳಾಯಿಯವರು ವಾಪಸು ಬಂದಾಗ ಹೊತ್ತು ಉಳಿದಿರಲಿಲ್ಲ. ಕುಡಿಯುವ ನೀರಿನ ನಲ್ಲಿಗಳೋ, ಶೌಚಾಲಯಗಳೋ, ಎರಡರಲ್ಲಿ ಒಂದನ್ನೇ ಪೂರ್ತಿ ಮಾಡಬಹುದು. ವಾಲ್ಟ್ ಶೌಚಾಲಯ ಅಂದರು. ಬೇರೆ ದಾರಿ ಏನಿತ್ತು? ಬಾಯಾರಿದವರು ತಂಪು ಪಾನೀಯ ಕೊಳ್ಳಬಹುದು, ಇನ್ನೊಂದಕ್ಕೆ ಉಪಾಯ ಇಲ್ಲ.

ಜುಲೈ 17 ಭಾನುವಾರ. ಕಡು ಬಿಸಿಲು, ತಾಪ 100 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ. ಆಹ್ವಾನಿತರಿಗೆ ಮಾತ್ರ ಅಂದಿದ್ದ ದಿನ. ನಕಲಿ ಟಿಕೆಟ್ ಮುದ್ರಿಸಿ ಹಂಚಿದ್ದರು, ಸುಮಾರು 28,000 ಜನ ಒಳಗೆ ನುಗ್ಗಿದರು. ಹಸಿ ಡಾಂಬರಿನಲ್ಲಿ ಹೆಂಗಸರ ಹೀಲ್ಸ್ ಹೂತುಹೋದವು. ನೀರಿನ ನಲ್ಲಿ ಇಲ್ಲ, ತಂಪು ಪಾನೀಯ ಮಾರಲೆಂದೇ ಹೀಗೆ ಮಾಡಿದ್ದಾರೆ ಅಂತ ಜನ ಸಿಟ್ಟಾದರು. ಮಾರ್ಕ್ ಟ್ವೈನ್ ಹಡಗಿಗೆ ಮಿತಿ ಮೀರಿ ಜನ ಹತ್ತಿ ಕೆಳಗಿನ ಡೆಕ್ ಮೇಲೆ ನೀರು ಬಂತು. ಗ್ಯಾಸ್ ಸೋರಿ ಒಂದು ಭಾಗವನ್ನು ಸ್ವಲ್ಪ ಹೊತ್ತು ಮುಚ್ಚಿದರು. ಇಷ್ಟೆಲ್ಲ ಆಗುವಾಗ ಎಬಿಸಿಯಲ್ಲಿ ನೇರ ಪ್ರಸಾರ! ಆರ್ಟ್ ಲಿಂಕ್‌ಲೆಟರ್, ಬಾಬ್ ಕಮಿಂಗ್ಸ್, ರೊನಾಲ್ಡ್ ರೇಗನ್ ಮೈಕ್ ಹಿಡಿದು ಓಡಾಡುತ್ತಿದ್ದರು. ಒಳಗಿನವರು ಆ ದಿನವನ್ನು ಆಮೇಲೆ ಕರಾಳ ಭಾನುವಾರ ಅಂತ ಕರೆದರು.

ಫೌಲರ್ ಈ ಎಲ್ಲದರ ನಡುವೆ ನಿಂತಿದ್ದರು. ಆಮೇಲೂ ಬಿಟ್ಟು ಹೋಗಲಿಲ್ಲ.

ಸಂಜೆಓದು:

ಹಾಗಾದರೆ ಫ್ಲೋರಿಡಾದಲ್ಲಿ ಇದೇ ಜನ ಎರಡನೇ ಸಲ ಪಾರ್ಕ್, ಅಂದರೆ ವಾಲ್ಟ್ ಡಿಸ್ನಿ ವರ್ಲ್ಡ್, ಕಟ್ಟಿದಾಗ ಪಾಠ ಕಲಿತಿದ್ದರಾ? ಫೌಲರ್ ಅಲ್ಲೂ ಇದ್ದರು ಅಂತ ಓದಿದ ನೆನಪು.

ಮಣ್ಣುನೀರು:

ಇದ್ದರು. ಅಲ್ಲಿಯ ನಿರ್ಮಾಣದ ಹೊಣೆಯೂ ಅವರದೇ. ಸಮಯ ಜಾಸ್ತಿ ಸಿಕ್ಕಿತು. ಅನಾಹೈಮ್‌ನಲ್ಲಿ ಪಾರ್ಕಿನ ಗೋಡೆ ಪಕ್ಕದಲ್ಲೇ ಮೋಟೆಲ್‌ಗಳು, ಬಣ್ಣದ ದೀಪಗಳು ಎದ್ದು ವಾಲ್ಟ್‌ಗೆ ಬಹಳ ಬೇಸರವಾಗಿತ್ತು. ಏರಿ ಒಳಗಿಂದ ಮರೆಮಾಡುತ್ತದೆ, ಹೊರಗಿನ ಜಾಗವನ್ನು ಅದು ಕೊಳ್ಳಲಾರದು. ಅದಕ್ಕೆ ಫ್ಲೋರಿಡಾದಲ್ಲಿ ಬೇರೆ ಬೇರೆ ಕಂಪನಿ ಹೆಸರಲ್ಲಿ ಗುಟ್ಟಾಗಿ 27,000 ಎಕರೆಗೂ ಜಾಸ್ತಿ ನೆಲ ಕೊಂಡರು. 1965ರಲ್ಲಿ ಗುಟ್ಟು ಹೊರಬಿತ್ತು. 1966ರ ಡಿಸೆಂಬರ್ 15ರಂದು ವಾಲ್ಟ್ ತೀರಿಕೊಂಡರು. ನಿವೃತ್ತಿ ಬಯಸಿದ್ದ ರಾಯ್ ಅದನ್ನು ಮುಗಿಸಿ 1971ರ ಅಕ್ಟೋಬರ್ 1ರಂದು ತೆರೆದರು, ಅದೇ ಡಿಸೆಂಬರ್‌ನಲ್ಲಿ ಅವರೂ ಹೋದರು. ಮೊದಲು ನಂಬದೇ ಇದ್ದ ಅಣ್ಣ ಕೊನೆಗೆ ತಮ್ಮನ ಕೆಲಸ ಮುಗಿಸಿ ಹೋದದ್ದು, ನನಗೆ ಇದೇ ಬೇರೆ ಒಂದು ದೊಡ್ಡ ಕತೆ.

ಅಲ್ಲಿ ಜೌಗು ನೆಲ, ಅಗೆದರೆ ನೀರು. ಹಾಗಾಗಿ ಕೆಲಸದವರ ಓಡಾಟದ ದಾರಿಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಕೆರೆ ತೋಡಿದ ಮಣ್ಣನ್ನು ಸುತ್ತ ಹಾಕಿ, ಪಾರ್ಕನ್ನು ಅದರ ಮೇಲೆ ಕೂರಿಸಿದರು. ಜನ ನಡೆಯುವುದು ಎರಡನೇ ಮಹಡಿಯಲ್ಲಿ!

ಹಸಿರುಬೇರು:

ಎವಾನ್ಸ್ ಕೂಡ ಅಲ್ಲಿಗೆ ಹೋದರು. ಈ ಸಲ ಮೊದಲೇ ನರ್ಸರಿ ಮಾಡಿ, ಮರಗಳನ್ನು ಆ ಹವೆಗೆ ಒಗ್ಗಿಸಿ ಆಮೇಲೆ ನೆಟ್ಟರು. ಗಿಡಕ್ಕೆ ಕೊಡಬೇಕಾದ ಸಮಯ ಕೊಟ್ಟರು.

ಸಂಜೆಓದು ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನಾನು ಕಾಯುತ್ತಿದ್ದೆ. ಇದೆ, ಒಂದು ಮರ ಇದೆ.

ಅನಾಹೈಮ್‌ನಲ್ಲಿ ನೆಲ ಮಾರಿದವರಲ್ಲಿ ಡೊಮಿಂಗೆಜ್ ಕುಟುಂಬವೂ ಒಂದು. ಅವರ ಅಂಗಳದಲ್ಲಿ ಒಂದು ಖರ್ಜೂರ ಜಾತಿಯ ತಾಳೆ ಇತ್ತು. 1896ರಲ್ಲಿ ಮದುವೆಯ ಉಡುಗೊರೆಯಾಗಿ ಬಂದು ನೆಟ್ಟದ್ದು. ನೆಲ ಕೊಡುವಾಗ ಆ ಮರ ಉಳಿಸಬೇಕು ಅಂತ ಕೇಳಿಕೊಂಡರು. ಬೇರುಸಮೇತ ಎತ್ತಿ ಕಾಡಿನ ದೋಣಿಯಾನದ ಹತ್ತಿರ ನೆಟ್ಟರು. ಅಲ್ಲೇ ಇದೆ ಇನ್ನೂ. ಅವರ ಮನೆಯನ್ನೂ ಕೆಡವದೆ ಪಕ್ಕಕ್ಕೆ ಸರಿಸಿ ಪಾರ್ಕಿನ ಕಚೇರಿ ಮಾಡಿಕೊಂಡರು.

ಆ ಮನೆಯಲ್ಲಿ ಬೆಳೆದ ಹುಡುಗ ರಾನ್ ಡೊಮಿಂಗೆಜ್. ಪಾರ್ಕ್ ತೆರೆಯುವ ನಾಲ್ಕು ದಿನ ಮುಂಚೆ ಟಿಕೆಟ್ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿಕೊಂಡರು. ತಮ್ಮ ಮನೆ ಇದ್ದ ಜಾಗಕ್ಕೆ ಬರುವವರ ಟಿಕೆಟ್ ಹರಿಯುವ ಕೆಲಸ. ಹಂತ ಹಂತವಾಗಿ ಮೇಲೇರಿ ಕಾರ್ಯನಿರ್ವಾಹಕ ಉಪಾಧ್ಯಕ್ಷರಾಗಿ 1994ರಲ್ಲಿ ನಿವೃತ್ತರಾದರು. ಅಷ್ಟೂ ವರ್ಷ ಕೆಲಸಕ್ಕೆ ಬಂದಾಗ ತಮ್ಮ ಮನೆಯ ಅಂಗಳದ ಮರವನ್ನು ಅವರು ನೋಡಬಹುದಿತ್ತು.